ಸಂಸಾರದ ಲೆಕ್ಕ: ತೋಟದ ಖರ್ಚನ್ನು ಮರೆತವರಿಗೆ

ಮಾಗೋಡಿನ ಗೃಹಸ್ಥರೊಬ್ಬರು ಈ ಸಲ ನಮಗೊಂದು ಕಾಗದವನ್ನು ಬರೆದಿರುವರು. ಅವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೇಡ್ತಿಯ ಕಣಿವೆಯ ಮೇಲ್ಗಡೆ ಹಿರಿಯರಿಂದ ಬಂದ ಅಡಿಕೆಯ ತೋಟವುಂಟು. ನಿವೃತ್ತಿವೇತನ, ಠೇವಣಿಯ ಬಡ್ಡಿ ಎಲ್ಲ ಸೇರಿ ತೆರಿಗೆಗೆ ಒಳಪಡುವ ವರಮಾನವು 9 ಲಕ್ಷ ರೂಪಾಯಿ. "12 ಲಕ್ಷದವರೆಗೆ ತೆರಿಗೆಯಿಲ್ಲವೆಂದು ಲೋಕವೆಲ್ಲ ಹೇಳುತ್ತಿರಲು ನನಗೆ 31,200 ರೂಪಾಯಿ ಬಂದುದು ಹೇಗೆ? ಅದು ಮನೆಯಾಕೆಯ ಕಣ್ಣಿನ ಶಸ್ತ್ರಕ್ರಿಯೆಗೆಂದು ತೆಗೆದಿರಿಸಿದ ಹಣ" ಎಂದು ಅವರು ಕೇಳುತ್ತಾರೆ.

ಲೆಕ್ಕವನ್ನು ನೋಡಿದೆವು. ಕೂಡಿಸಿದುದು ಸರಿಯಾಗಿಯೇ ಇದೆ. ಕಳೆಯಬೇಕಾದುದನ್ನು ಮಾತ್ರ ಕಳೆದಿಲ್ಲ.

ಬೇಸಾಯದ ವರಮಾನಕ್ಕೆ ಕೇಂದ್ರದ ತೆರಿಗೆಯಿಲ್ಲವೆಂಬುದು 1886ರ ಕಾಯಿದೆಯಿಂದ ನಡೆದುಬಂದ ಮಾತು. ಆದರೆ 1973ರ ಹಣಕಾಸು ಕಾಯಿದೆಯು ಇದಕ್ಕೊಂದು ತೊಡಕನ್ನಿಟ್ಟಿತು. ತೋಟದ ನಿವ್ವಳ ವರಮಾನವು 5,000 ರೂಪಾಯಿಗೆ ಮೀರಿ, ಇತರ ವರಮಾನವೂ ವಿನಾಯಿತಿಯ ಮಿತಿಗೆ ಮೀರಿದರೆ, ತೆರಿಗೆಯ ದರವನ್ನು ಗೊತ್ತುಮಾಡುವ ಮಟ್ಟಿಗೆ ಎರಡನ್ನೂ ಕೂಡಿಸತಕ್ಕದ್ದು. 2025-26ನೆಯ ವರ್ಷದ ಹೊಸ ಪದ್ಧತಿಯಲ್ಲಿ ಆ ಮಿತಿಯು 4 ಲಕ್ಷ.

ನಮ್ಮ ಗೃಹಸ್ಥರು ಮಂಡಿಯ ಪಟ್ಟಿಯಲ್ಲಿದ್ದ 10 ಲಕ್ಷವನ್ನೇ ತೋಟದ ವರಮಾನವೆಂದು ಬರೆದರು. 9 ಮತ್ತು 10 ಕೂಡಿ 19 ಲಕ್ಷಕ್ಕೆ ತೆರಿಗೆ 1,80,000. ತೋಟದ 10 ಮತ್ತು ಮಿತಿಯ 4 ಕೂಡಿ 14 ಲಕ್ಷಕ್ಕೆ 90,000. ಅದನ್ನು ಕಳೆದರೆ ಉಳಿದದ್ದು 90,000. 12 ಲಕ್ಷದವರೆಗಿನವರಿಗೆ ಕೊಡುವ ರಿಯಾಯಿತಿಯು 60,000ಕ್ಕೆ ಮೀರಲಾರದು. ಮಿಕ್ಕ 30,000ಕ್ಕೆ ನೂರಕ್ಕೆ 4ರಂತೆ ಸೆಸ್ಸು ಸೇರಿ 31,200 ಆಯಿತು.

ಆದರೆ ಪಟ್ಟಿಯ ಹಣವೆಲ್ಲ ವರಮಾನವೇ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೆಸಿದವರಾರು? ಕೊನೆಗೌಡನ ಕೂಲಿ, ಸೊಪ್ಪು ಗೊಬ್ಬರ, ಸುಲಿದು ಬೇಯಿಸಿ ಒಣಗಿಸಿದ ವೆಚ್ಚ, ಭೂಕಂದಾಯ, ತೋಟಕ್ಕಾಗಿ ತಂದ ಸಾಲದ ಬಡ್ಡಿ, ಇವೆಲ್ಲ ಕಳೆಯತಕ್ಕವುಗಳೇ. ಇವರ ಖರ್ಚು 4 ಲಕ್ಷವೆಂದು ಚೀಟಿಗಳು ಹೇಳುತ್ತವೆ. ನಿವ್ವಳ 6 ಲಕ್ಷವನ್ನು ಹಿಡಿದರೆ 15 ಲಕ್ಷಕ್ಕೆ 1,05,000; 10 ಲಕ್ಷಕ್ಕೆ 40,000; ಅಂತರ 65,000. ರಿಯಾಯಿತಿ ಹೋಗಿ 5,000. ಸೆಸ್ಸು ಸೇರಿ 5,200. ಒಂದು ಕಟ್ಟು ಚೀಟಿಯ ಬೆಲೆ 26,000 ರೂಪಾಯಿ!

ಗಳಿಕೆಯ ವೆಚ್ಚವನ್ನು ಮರೆಯಬಾರದೆಂಬುದಕ್ಕೆ ನಮ್ಮ ಸೀಮೆಯದೇ ಒಂದು ದೃಷ್ಟಾಂತವುಂಟು. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ಠೇವಣಿಯಿಟ್ಟ ಹಣದ ಬಡ್ಡಿಗೆ ಸಹಕಾರ ಸಂಘಗಳ ವಿನಾಯಿತಿಯು ಸಲ್ಲದೆಂದು 2010ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಆ ಬಡ್ಡಿಯನ್ನು ಗಳಿಸಲು ತಗಲಿದ ವೆಚ್ಚವನ್ನು ಪ್ರಮಾಣಾನುಸಾರ ಕಳೆಯಬೇಕೆಂದು ಕರ್ನಾಟಕ ಹೈಕೋರ್ಟು ಮುಂದೆ ಹೇಳಿತು. ವಿನಾಯಿತಿಯ ಬಾಗಿಲು ಮುಚ್ಚಿದರೂ ವೆಚ್ಚದ ಬಾಗಿಲು ತೆರೆದೇ ಇತ್ತು.

ಇನ್ನೊಂದು ಮಾತು. ತೋಟವು ನಿಜವಾಗಿಯೂ ಅವಿಭಕ್ತ ಕುಟುಂಬದ್ದಾದರೆ ಅದರ ವರಮಾನವು ಕುಟುಂಬದ ಲೆಕ್ಕಕ್ಕೆ ಸೇರತಕ್ಕದ್ದು, ಯಜಮಾನನ ಸ್ವಂತ ಲೆಕ್ಕಕ್ಕಲ್ಲ. ಹಾಗಿದ್ದಲ್ಲಿ ಇವರ 9 ಲಕ್ಷಕ್ಕೆ ತೆರಿಗೆಯೇ ಇಲ್ಲ. ಆದರೆ ತಂದೆಯ ಸ್ವಂತ ಆಸ್ತಿಯು 1956ರ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಮಗನಿಗೆ ಬಂದರೆ ಅದು ಮಗನ ಸ್ವಂತದ್ದೆಂದು 1986ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು. ಆದಕಾರಣ ವಿಭಾಗಪತ್ರವನ್ನೂ ಪಹಣಿಯನ್ನೂ ಬಲ್ಲವರಿಗೆ ತೋರಿಸದೆ ಹಾಗೆ ಬರೆಯಕೂಡದು. ತೆರಿಗೆ ತಪ್ಪಿಸಲು ಕಾಗದದಲ್ಲಿ ಮಾತ್ರ ಒಟ್ಟಾಗಿರುವ ಕುಟುಂಬವು ಆಪತ್ತಿಗೆ ಮೂಲ.

ಪೇಟೆಯಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟವರು, ಕಟ್ಟಿದ ಮನೆತೆರಿಗೆಯನ್ನು ಕಳೆದ ಮೇಲೆ ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನು, ದುರಸ್ತಿ ಮಾಡಿಸಲಿ ಬಿಡಲಿ, ಕಳೆಯಬಹುದು. ಹಳೆಯ ಪದ್ಧತಿಯನ್ನೇ ಹಿಡಿದಿರುವ 60 ವರ್ಷ ದಾಟಿದವರಿಗೆ ಠೇವಣಿಯ ಬಡ್ಡಿಯಲ್ಲಿ 50,000ದವರೆಗೆ ಕಳೆತವುಂಟು. ಆರೋಗ್ಯವಿಮೆಯಿಲ್ಲದಿದ್ದರೆ ಔಷಧೋಪಚಾರದ ವೆಚ್ಚದಲ್ಲಿಯೂ 50,000ದವರೆಗೆ ಉಂಟು. ಆದರೆ ಆ ವೆಚ್ಚವನ್ನು ನಗದಾಗಿ ಕೊಟ್ಟಿರಬಾರದು.

ವಿವರಪತ್ರವನ್ನು ಕೊಟ್ಟುಬಿಟ್ಟವರೂ ಅವಧಿಯೊಳಗೆ ಪರಿಷ್ಕರಿಸಿ ಕೊಡಬಹುದಾದುದರಿಂದ ಮಾಗೋಡಿನ ಮಹನೀಯರು ಎದೆಗುಂದಬೇಕಾಗಿಲ್ಲ. ಅಡಿಕೆಯ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಕೂಲಿಯ ಚೀಟಿಯನ್ನು ಒಲೆಗೆ ಹಾಕುವ ರೂಢಿಯು ನಮ್ಮ ಅನೇಕ ಮನೆಗಳಲ್ಲಿ ಉಂಟು. ಈ ಹಂಗಾಮಿನಿಂದಲಾದರೂ ಗೃಹಿಣಿಯರು ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಡಲಿ.