ಕಡ್ಡಿ ಐಸಿನ ಲೆಕ್ಕ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಐಸ್‌ಕ್ಯಾಂಡಿಯ ಮೇಲೆ ಲೇಖನವೇ ಎಂದು ಗೆಳೆಯರು ಮೂಗು ಮುರಿಯಬಹುದು. ಮುರಿಯಲಿ. ಕವಿತೆ ನನಗೆ ಬರುವುದಿಲ್ಲ. ನಾನು ಕಾಮರ್ಸ್ ಹುಡುಗ, ಬರುವುದು ಜಮಾ-ಖರ್ಚು ಮಾತ್ರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಕಾಲೇಜಿಗೆ ಬಂದ ಮೇಲೆ 'ಕಾಸ್ಟಿಂಗ್' ಅನ್ನುವ ಶಬ್ದವನ್ನು ಗಿಳಿಪಾಠ ಮಾಡಿದವನು. ಆ ಶಬ್ದದ ಅರ್ಥ ತಲೆಗೆ ಹತ್ತಿದ್ದು ಕ್ಲಾಸಿನಲ್ಲಲ್ಲ, ಹೋದ ಬೇಸಿಗೆಯಲ್ಲಿ, ಕೊಂಡಪಲ್ಲಿಯ ಒಂದು ಅಡಿಗೆಮನೆಯಲ್ಲಿ.

ಕೊಂಡಪಲ್ಲಿ ವಿಜಯವಾಡದ ಹತ್ತಿರದ ಊರು. ಮೇಲೆ ಹಳೆಯ ಕೋಟೆ, ಕೆಳಗೆ ಬೊಂಬೆ ಮಾಡುವವರ ಬೀದಿ. ನಮಗೆ ಚನ್ನಪಟ್ಟಣ ಹೇಗೋ ಆಂಧ್ರದವರಿಗೆ ಕೊಂಡಪಲ್ಲಿ ಹಾಗೆ. ನಮ್ಮ ಚಿಕ್ಕಪ್ಪನವರಿಗೆ ಆ ಕಡೆ ಕೆಲಸ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಮೇ ತಿಂಗಳಲ್ಲಿ ಅಲ್ಲಿ ನಲವತ್ತು ಡಿಗ್ರಿ ದಾಟಿದರೆ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಹನ್ನೊಂದು ಗಂಟೆಗೆ ಬೀದಿ ಖಾಲಿ. ಆಗ ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡವನೊಬ್ಬ 'ಪುಲ್ಲ ಐಸು' ಎಂದು ಕೂಗುತ್ತಾ ಬರುತ್ತಾನೆ. ಪುಲ್ಲ ಅಂದರೆ ಕಡ್ಡಿ. ನಮ್ಮ ಕಡ್ಡಿ ಐಸೇ.

ಚಿಕ್ಕಪ್ಪನ ಮಗಳು ಏಳನೇ ಕ್ಲಾಸು. ಅವಳಿಗೆ ಪುಲ್ಲ ಐಸು ಬೇಡ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ, ಹಣ್ಣು ಮತ್ತು 'ಯೋಗರ್ಟ್' ಹಾಕಿದ್ದೆಂದು ಬರೆದ ಬಣ್ಣದ ಕಾಗದದ್ದೇ ಆಗಬೇಕು. ಒಂದಕ್ಕೆ 30 ರೂಪಾಯಿ. ಯೋಗರ್ಟ್ ಅಂದರೆ ಏನು ಮಾರಾಯ್ತಿ? ಮೊಸರು! ಮೊಸರನ್ನ ಕಟ್ಟಿಕೊಟ್ಟರೆ ನಾಚಿಕೆಯಿಂದ ಡಬ್ಬಿ ಮುಚ್ಚಿಕೊಂಡು ತಿನ್ನುವ ನಾವೇ, ಅದೇ ಮೊಸರಿಗೆ ಇಂಗ್ಲಿಷ್ ಹೆಸರಿಟ್ಟರೆ ದುಡ್ಡು ಎಣಿಸಿ ಕೊಡುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ದೊಡ್ಡ ಗಂಟಲಲ್ಲಿ, "ಇದನ್ನು ಮನೇಲೇ ಮಾಡಬಹುದು, ಮೂರರಲ್ಲೊಂದು ಪಾಲು ಬೆಲೆಗೆ" ಅಂದೆ. ಚಿಕ್ಕಮ್ಮ, "ಮಾಡೋಣ, ಬಾ" ಅಂದರು.

ಮಾಡುವ ರೀತಿ ಹೇಳಿಬಿಡುತ್ತೇನೆ, ಹಾಸ್ಟೆಲಿನಿಂದ ಊರಿಗೆ ಹೋಗುವವರಿಗೆ ಉಪಯೋಗಕ್ಕೆ ಬಂದೀತು. ಅರ್ಧ ಲೀಟರ್ ಹುಳಿಯಾಗದ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ತೂಗುಹಾಕಬೇಕು. ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿ ಬಂದೀತು, ಫ್ರಿಜ್ಜಿನೊಳಗೇ ಜರಡಿಯ ಮೇಲಿಡುವುದು ಒಳ್ಳೆಯದು. ನೀರು ಇಳಿದಷ್ಟೂ ಐಸಿನ ಹರಳು ಕಡಿಮೆ, ಕ್ಯಾಂಡಿ ಮೆತ್ತಗೆ. ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಆಗುತ್ತದೆ. ಒಂದು ಕಿಲೋ ರಸದ ಮಾವಿನಹಣ್ಣು: ಅಲ್ಲಿ ನೂಜಿವೀಡು ಕಡೆಯ ಚಿನ್ನ ರಸಾಲು, ನಮ್ಮಲ್ಲಾದರೆ ರಸಪುರಿ. ತಿರುಳು ಹಿಂಡಿ, ನಾರು ಸೋಸಿ, ಮೊಸರು, ನೂರು ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಹಾಕಿ ಕಡೆಯಬೇಕು. ಬಾಯಿಗೆ ಹಾಕಿ ನೋಡಿದಾಗ ಸ್ವಲ್ಪ ಹೆಚ್ಚೇ ಸಿಹಿ ಅನ್ನಿಸಬೇಕು, ಯಾಕೆಂದರೆ ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಹತ್ತುತ್ತದೆ. ಹಾಗಂತ ಸಕ್ಕರೆ ಸುರಿದರೆ ಹೆಪ್ಪುಗಟ್ಟುವುದೇ ಇಲ್ಲ, ತೀರಾ ಕಡಿಮೆಯಾದರೆ ಕಲ್ಲು. ಕಾಫಿ ಲೋಟಗಳಿಗೆ ಸುರಿದು ಎಂಟು ಗಂಟೆ ಫ್ರೀಜರಿನಲ್ಲಿಡಿ. ತೆಗೆಯುವಾಗ ಲೋಟವನ್ನು ಒಂದು ಗಳಿಗೆ ನೀರಿನಲ್ಲಿ ಅದ್ದಿದರೆ ಸಲೀಸಾಗಿ ಬರುತ್ತದೆ.

ಕಡ್ಡಿಗೆ ನಾನೊಂದು ಜಾಣತನ ಮಾಡಲು ಹೋದೆ. ಬೊಂಬೆ ಬೀದಿಯಲ್ಲಿ ತೆಲ್ಲ ಪೊಣಿಕಿ ಮರದ ಚೂರು ಬಿದ್ದಿರುತ್ತದಲ್ಲ, ಅದನ್ನೇ ಕೇಳಿದೆ. ಬೊಂಬೆ ಮಾಡುವ ಮುದುಕರು ನಕ್ಕರು. ಅದು ಹಗುರ ಮರ, ಕೆತ್ತಲಿಕ್ಕೆ ಸರಿ, ಬಾಯಿಗಿಡಲಿಕ್ಕಲ್ಲ, ಅಂಟು ಬಣ್ಣ ತಾಗಿರುತ್ತದೆ ಎಂದರು. ಸರಿ, ಮನೆಯ ಟೀ ಚಮಚಗಳನ್ನೇ ಲೋಟದಲ್ಲಿ ನೆಟ್ಟೆವು.

ಮಾರನೇ ದಿನ ಹನ್ನೆರಡು ಕ್ಯಾಂಡಿ ಎದ್ದು ಬಂದವು. ನಾನೊಬ್ಬನೇ ನಾಲ್ಕು ತಿಂದೆ. ಆಮೇಲೆ ನೋಟ್‌ಬುಕ್ ತೆಗೆದು ಲೆಕ್ಕ ಬರೆದೆ. ಮೊಸರು 35, ಹಣ್ಣು 60, ಸಕ್ಕರೆ ಏಲಕ್ಕಿ 5, ಒಟ್ಟು 100 ರೂಪಾಯಿ. ಒಂದಕ್ಕೆ 8 ರೂಪಾಯಿ 33 ಪೈಸೆ. ಗೆದ್ದೆ ಎಂದು ಓದಿ ಹೇಳಿದೆ.

ಚಿಕ್ಕಮ್ಮ ಬಚ್ಚಲಲ್ಲಿ ನಾವು ಬಿಟ್ಟ ಲೋಟಗಳನ್ನು ಉಜ್ಜುತ್ತಿದ್ದರು. ತಲೆ ಎತ್ತದೆ ಕೇಳಿದರು: "ನನ್ನ ಕೂಲಿ ಯಾವ ಸಾಲಿನಲ್ಲಿ ಬರೆದಿದ್ದೀಯೋ?"

ಬರೆದಿರಲಿಲ್ಲ. ಮೊಸರು ಕಟ್ಟಿದವರು ಅವರು, ಹಣ್ಣು ಹಿಂಡಿದವರು ಅವರು, ನಾರು ಸೋಸಿದವರು ಅವರು. ನಾನು ಚಮಚ ನೆಟ್ಟವನು. ಪರೀಕ್ಷೆಯಲ್ಲಿ ಸಾಮಗ್ರಿ, ಕೂಲಿ, ಇತರೆ ವೆಚ್ಚ ಎಂದು ಮೂರು ಸಾಲು ಬರೆದು ಅಂಕ ತೆಗೆದುಕೊಂಡವನು ಮನೆಯ ಲೆಕ್ಕದಲ್ಲಿ ಎರಡನೇ ಸಾಲನ್ನೇ ನುಂಗಿದ್ದೆ. ಕೂತು ತಿರುಗಿ ಬರೆದೆ. ಒಂದೂವರೆ ಗಂಟೆ ಕೆಲಸ, ಗಂಟೆಗೆ 60 ರೂಪಾಯಿ ಹಾಕಿದರೆ 90. ("ಅಷ್ಟೇನಾ?" ಅಂದರು.) ಒಟ್ಟು 190. ಒಂದಕ್ಕೆ ಹತ್ತಿರಹತ್ತಿರ 16 ರೂಪಾಯಿ. ಆಗಲೂ ಅಂಗಡಿಗಿಂತ ಕಡಿಮೆಯೇ, ಆದರೆ ನಾನು ಜಂಬ ಕೊಚ್ಚಿದ್ದರ ಎರಡು ಪಟ್ಟು.

ಮನೆಯಲ್ಲಿ ಮಾಡಿದ್ದು ಅಗ್ಗ ಅನ್ನುತ್ತೇವೆ. ಅಗ್ಗ ಯಾಕೆ? ಒಬ್ಬರ ದುಡಿಮೆಗೆ ಸೊನ್ನೆ ಬೆಲೆ ಕಟ್ಟಿದ್ದರಿಂದ. ಇದು ನನ್ನ ನೋಟ್‌ಬುಕ್ಕಿನ ತಪ್ಪು ಮಾತ್ರವೂ ಅಲ್ಲ. ಮನೆಕೆಲಸದವಳನ್ನು ಯಜಮಾನ ಮದುವೆಯಾದರೆ ದೇಶದ ವರಮಾನ ಕಡಿಮೆಯಾಗುತ್ತದೆ ಎಂದು ಪಿಗೂ ಎಂಬ ಅರ್ಥಶಾಸ್ತ್ರಜ್ಞ ನೂರು ವರ್ಷದ ಹಿಂದೆಯೇ ತೋರಿಸಿದ್ದ. ಕೆಲಸ ಅದೇ, ಸಂಬಳ ನಿಂತಿತು, ಲೆಕ್ಕದಿಂದ ಹಾರಿಹೋಯಿತು. ನಮ್ಮ ದೇಶದಲ್ಲಿ 2019ರಲ್ಲಿ ಸರ್ಕಾರ ಜನರ ಸಮಯದ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಅಂಥ ಕೆಲಸಕ್ಕೆ ಕೈ ಹಾಕುತ್ತಿದ್ದ ಗಂಡಸರು 97 ನಿಮಿಷ. ಕೈಯೇ ಹಾಕದ ಗಂಡಸರು ನೂರಕ್ಕೆ ಎಪ್ಪತ್ತರ ಮೇಲೆ. ಆ ಎಪ್ಪತ್ತರಲ್ಲಿ ನಾನೂ ಒಬ್ಬ.

2021ರ ಜನವರಿಯಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಗಳ ಪರಿಹಾರದ ಕೇಸಿನಲ್ಲಿ, ಮನೆವಾರ್ತೆ ನೋಡುವವರು ಕೆಲಸ ಮಾಡುವುದಿಲ್ಲ ಅನ್ನುವ ಭಾವನೆಯೇ ತಪ್ಪು, ಅವರ ದುಡಿಮೆಗೂ ವರಮಾನ ಕಟ್ಟಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆ ಬರೆದ ನ್ಯಾಯಮೂರ್ತಿ ಎನ್. ವಿ. ರಮಣ ಹುಟ್ಟಿದ ಪೊನ್ನವರಂ, ಕೊಂಡಪಲ್ಲಿ ಇದ್ದ ಹಳೆಯ ಕೃಷ್ಣಾ ಜಿಲ್ಲೆಯದೇ ಹಳ್ಳಿ. ಅದೇ ಪೀಠದಲ್ಲಿ ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್ ಕೂಡ ಇದ್ದರು. ಆದರೆ ನೋಡಿ, ಹೆಂಗಸಿನ ಕೆಲಸಕ್ಕೆ ಬೆಲೆ ಕಟ್ಟಲು ಅವಳು ಲಾರಿಯ ಕೆಳಗೆ ಬಿದ್ದು ಸಾಯುವ ತನಕ ಕಾಯಬೇಕೇ? ಬದುಕಿರುವಾಗ ಒಂದು ಸಾಲು ಬರೆದರೆ ನಮ್ಮ ಗಂಟೇನು ಹೋಗುತ್ತದೆ?

ಹಾಗಾದರೆ ಅಂಗಡಿಯದೇ ತಿನ್ನೋಣವೇ ಎಂದು ಕೆಲವರು ಕೇಳಿಯಾರು. ಅದು ನನ್ನ ವಾದವಲ್ಲ. ಐಸು ಒಂದು ಕಾಲಕ್ಕೆ ದೊರೆಗಳ ವಸ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಐಸು ಬಂತು. ಆಮೇಲೆ ಅದನ್ನು ತುಂಬಿಡಲಿಕ್ಕೆಂದೇ ಮದ್ರಾಸಿನ ಕಡಲತೀರದಲ್ಲಿ ಐಸ್ ಹೌಸ್ ಕಟ್ಟಿದರು, 1897ರಲ್ಲಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಇವತ್ತು ಅದು ನಮ್ಮ ಅಡಿಗೆಮನೆಗೆ ಬಂದಿದೆ. ಯಾವ ನೀರು, ಯಾವ ಬಣ್ಣ ಎಂದು ನಮಗೇ ಗೊತ್ತಿರುವ ತಿಂಡಿ ಮಾಡಿಕೊಳ್ಳುವುದು ಒಳ್ಳೆಯದೇ. ಹೆಪ್ಪುಗಟ್ಟಿದ ಮಾತ್ರಕ್ಕೆ ಕೆಟ್ಟ ನೀರಿನ ಕ್ರಿಮಿ ಸಾಯುವುದಿಲ್ಲ. ಸೈಕಲ್ಲಿನ ಐಸಿನವನ ಮೇಲೂ ನನಗೆ ಹಗೆಯಿಲ್ಲ. ಅವನು ಬಿಸಿಲಲ್ಲಿ ತುಳಿದದ್ದಕ್ಕೆ ಅವನ ಬೆಲೆಯಲ್ಲಿ ಕೂಲಿ ಸೇರಿದೆ. ಚಿಕ್ಕಮ್ಮನಿಗೆ ಆ ಭಾಗ್ಯವೂ ಇಲ್ಲ.

ಆದ್ದರಿಂದ ಗೆಳೆಯರೇ, ಈ ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಮೊಸರಿನ ಕಡ್ಡಿ ಐಸು ಮಾಡಿ. ಮಾಡಿಸಬೇಡಿ, ಮಾಡಿ. ಹುಡುಗರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ನಮ್ಮ ಸಭೆಗಳಲ್ಲಿ ಸಮಾನತೆಯ ಮೇಲೆ ಅರ್ಧ ಗಂಟೆ ಭಾಷಣ ಬಿಗಿದು, ಟೀ ಕುಡಿದ ಲೋಟವನ್ನು ಅಲ್ಲೇ ಬಿಟ್ಟು ಹೋಗುವವರು ನಾವು. ಸಭೆ ಮುಗಿದ ಮೇಲೆ ಅದನ್ನು ಯಾರು ತೊಳೆಯುತ್ತಾರೆ ಎಂದು ನೀವು ನೋಡಿದ್ದೀರಾ? ನಾನು ನೋಡಿರಲಿಲ್ಲ.

ಅವತ್ತು ಲೆಕ್ಕ ತಿದ್ದಿದ ಮೇಲೆ 90 ರೂಪಾಯಿ ಚಿಕ್ಕಮ್ಮನ ಕೈಗೆ ಕೊಡಲು ಹೋದೆ. ಅವರು ಬೈದರು. "ದುಡ್ಡು ಯಾರಿಗೆ ಬೇಕೋ, ಇಲ್ಲಿ ಬಂದು ಲೋಟ ತೊಳಿ" ಅಂದರು. ಹನ್ನೆರಡು ಲೋಟ, ಹನ್ನೆರಡು ಚಮಚ, ಎರಡು ಪಾತ್ರೆ, ಒಂದು ಜರಡಿ. ಜರಡಿಯ ಕಣ್ಣಿಗೆ ಸಿಕ್ಕ ಮಾವಿನ ನಾರು ಬಿಡಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವನ್ನೂ ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ.