ಮರುಮದುವೆಗೆ ಮೊದಲು ಡಿಕ್ರಿ ನೋಡಿ

ಕಾಪು, ಕಾರ್ಕಳ, ಮಣಿಪಾಲದ ಮನೆಗಳಿಗೆ ಕೆನಡಾ ಈಗ ದೂರದ ಊರಲ್ಲ. ಮೊದಲ ಮದುವೆ ಮುರಿದು, ಊರಿಗೆ ಬಂದು ಮತ್ತೆ ಮದುವೆಯಾಗಿ, ಹೊಸ ಸಂಗಾತಿಯನ್ನು ಕರೆಸಿಕೊಳ್ಳಲು ಹೊರಟವರಿಗೆ ಅಲ್ಲೊಂದು ಕಟ್ಟಳೆಯಿದೆ. ಪತಿ ಅಥವಾ ಪತ್ನಿಯ ಪ್ರಾಯೋಜನೆಯಿಂದಲೇ ಪಿಆರ್ (ಕಾಯಂ ವಾಸದ ಹಕ್ಕು) ಪಡೆದವರು, ಅದು ಸಿಕ್ಕ ದಿನದಿಂದ 5 ವರ್ಷ ಇನ್ನೊಬ್ಬ ಸಂಗಾತಿಯನ್ನು ಪ್ರಾಯೋಜಿಸುವಂತಿಲ್ಲ. 2012ರಿಂದ ಇದು ಜಾರಿಯಲ್ಲಿದೆ. ಹಿಂದಿನ ಸಂಗಾತಿಯನ್ನು ತಾವೇ ಕರೆಸಿಕೊಂಡಿದ್ದರೆ, ವಿಚ್ಛೇದನವಾಗಿದ್ದರೂ ಅವರ ಖರ್ಚುವೆಚ್ಚ ನೋಡಿಕೊಳ್ಳುವ 3 ವರ್ಷದ ಹೊಣೆ ಮುಗಿಯಬೇಕು.

ನಮ್ಮ ಕಡೆಯ ತೊಡಕು ಬೇರೆಯೇ. ಹಿರಿಯರ ಪಂಚಾತಿಕೆಯಲ್ಲಿ ಛಾಪಾ ಕಾಗದಕ್ಕೆ ಸಹಿ ಬಿದ್ದರೆ ಸಂಬಂಧ ಕಡಿಯಿತೆಂದು ನಂಬುವವರು ಇನ್ನೂ ಇದ್ದಾರೆ. ಚರ್ಚ್ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೂ ಕಾನೂನಿನ ಮುಂದೆ ಅದು ವಿಚ್ಛೇದನವಲ್ಲ. ಅದಕ್ಕೆ ಮಾನ್ಯತೆ ಕೋರಿದ್ದ ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು. ಹಿಂದೂ ವಿವಾಹ ಕಾಯ್ದೆಯಡಿ ವ್ಯಾಜ್ಯ ನಡೆದು ಬಂದ ಡಿಕ್ರಿಯಾದರೆ, ಮೇಲ್ಮನವಿಯ 90 ದಿನ ಕಳೆಯದೆ ಮರುಮದುವೆ ಕೂಡದು.

ಇಂಥ ತೊಡಕುಗಳಿಂದ ಕೆನಡಾದ ಪ್ರಾಯೋಜನೆ ಅರ್ಜಿ ತಿರಸ್ಕೃತವಾದಾಗ ತವರಿನಲ್ಲೇ ಉಳಿದು ಊರಿನ ಪ್ರಶ್ನೆಗಳಿಗೆ ಉತ್ತರಿಸಬೇಕಾದವಳು ಮದುಮಗಳು. ಹಾಗಾಗಿ ಹಾಲ್ ಬುಕ್ ಮಾಡುವ ಮೊದಲೇ ವರನ ಪಿಆರ್ ದಿನಾಂಕವನ್ನೂ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿಯನ್ನೂ ಕೇಳಿ ಪಡೆಯಲು ಹೆಣ್ಣಿನ ಮನೆಯವರು ಸಂಕೋಚಪಡಬಾರದು.