ಮೊದಲು ಬರೆದುಕೊಳ್ಳಿ

ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಬಗೆಯುತ್ತಾನೆ ಎನ್ನುವ ಹನ್ನೆರಡನೆಯ ಶಾಸನದ ಭಾಗ ಅದರಲ್ಲಿದೆ. ಚಿತ್ತಾಪುರ ತಾಲ್ಲೂಕಿನ ಈ ಹೆಮ್ಮೆಯನ್ನು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇವೆ. ಸೇಡಂ ತಾಲ್ಲೂಕಿನ ಮಳಖೇಡವನ್ನೂ, ಅಲ್ಲಿನ ರಾಷ್ಟ್ರಕೂಟ ಆಸ್ಥಾನದಲ್ಲಿ ಹುಟ್ಟಿ ಪರಧರ್ಮ ಸಹನೆಯನ್ನು ಕೊಂಡಾಡಿದ ಕವಿರಾಜಮಾರ್ಗವನ್ನೂ ನೆನೆಯುತ್ತೇವೆ.

ಅದೇ ಚಪ್ಪಡಿಯ ಇನ್ನೊಂದು ಬರಹ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಒಡಿಶಾದ ಧೌಲಿ, ಜೌಗಡಗಳಲ್ಲೂ ಇರುವ ಆ ಪ್ರತ್ಯೇಕ ಶಾಸನದಲ್ಲಿ ಅರಸ ಮಾತಾಡುವುದು ನ್ಯಾಯ ನೋಡುವ ಅಧಿಕಾರಿಗಳೊಂದಿಗೆ. ಸಿಟ್ಟು, ಅಸೂಯೆ, ಆತುರ, ಆಲಸ್ಯ ಬಿಟ್ಟು ಕೆಲಸ ಮಾಡಿ ಎಂಬುದು ಅವನ ಆಜ್ಞೆ. ದ್ವೇಷದ ಅಪರಾಧದ ಮಾತು ಬಂದಾಗ ಜನರಿಗೆ ಸೌಹಾರ್ದದ ಬುದ್ಧಿ ಹೇಳುವುದು ಸುಲಭ. ಠಾಣೆಯ ಮೇಜಿನ ಮೇಲಿನ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳುವುದು ಕಷ್ಟ. ಈ ಸಂಚಿಕೆ ಕೇಳುವುದು ಅದನ್ನೇ.

ದೇಶದ ಲೆಕ್ಕದಲ್ಲಿ ದ್ವೇಷಕ್ಕೆ ತನ್ನದೇ ಕಾಲಂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2017ರಲ್ಲಿ ಗುಂಪು ಹತ್ಯೆ ಮತ್ತು ದ್ವೇಷದ ಅಪರಾಧಗಳ ಮಾಹಿತಿ ಕೂಡಿಸಿತ್ತು. ಅದು ನಂಬಲರ್ಹವಾಗಿರಲಿಲ್ಲ, ಆದ್ದರಿಂದ ಪ್ರಕಟಿಸಲಿಲ್ಲ ಎಂದು 2021ರ ಡಿಸೆಂಬರಿನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 103(2) ಕಲಮು ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಸ್ಥಳದಂಥ ಕಾರಣಕ್ಕೆ ಮಾಡುವ ಕೊಲೆಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ; ಧರ್ಮ ಎಂಬ ಪದ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 1990ರ ಕಾಯ್ದೆಯಿಂದ ಇಂಥ ಅಪರಾಧಗಳ ಅಂಕಿಅಂಶ ಸಂಗ್ರಹಿಸುತ್ತಾರೆ. ಅಲ್ಲಿಯೂ ಸ್ಥಳೀಯ ಪೊಲೀಸರು ಸೊನ್ನೆ ಬರೆದು ಕಳಿಸಿದರೆ ಲೆಕ್ಕ ಸೊನ್ನೆಯೇ. ಕೊನೆಗೆ ಎಲ್ಲವೂ ಠಾಣೆಗೇ ಬಂದು ನಿಲ್ಲುತ್ತದೆ.

ನಮ್ಮಲ್ಲಿರುವ ಗಟ್ಟಿ ಆಸರೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. 2022ರ ಮೇ ತಿಂಗಳಲ್ಲಿ ವಾಡಿಯಲ್ಲಿ ದಲಿತ ಯುವಕನೊಬ್ಬನ ಕೊಲೆಯಾಯಿತು. ಬೇರೆ ಧರ್ಮದ ಹುಡುಗಿಯನ್ನು ಪ್ರೀತಿಸಿದ್ದೇ ಕಾರಣವೆಂಬ ಆರೋಪ ಬಂತು. ಜಾತಿಯೋ ಧರ್ಮವೋ ಮನೆತನದ ಮರ್ಯಾದೆಯೋ ಎಂದು ಊರು ವಾದಿಸಬಹುದು. ಕಾರಣವನ್ನು ಸರಿಯಾಗಿ ಬರೆದುಕೊಳ್ಳುವುದು ತನಿಖೆಯ ಹೊಣೆ.

ಬರೆದುಕೊಂಡರೂ ದಾರಿ ಉದ್ದವಿದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ನಮ್ಮ ಕಲ್ಯಾಣ ಕರ್ನಾಟಕದ್ದೇ ಊರು ಮರಕುಂಬಿ. ಅಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹತ್ತು ವರ್ಷ ಆ ಪ್ರಕರಣ ಉಳಿದದ್ದು ದಾಖಲೆ ಮತ್ತು ಸಾಕ್ಷಿಗಳ ಬಲದಿಂದ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಬೈಗುಳ, ಬಹಿಷ್ಕಾರ, ಹೊಡೆತದ ಎಷ್ಟೋ ಪ್ರಸಂಗಗಳು ಹಿರಿಯರ ರಾಜಿಯಲ್ಲೇ ಮುಗಿಯುತ್ತವೆ. ಕೇಸು ಹಾಕಿದರೆ ಎದುರಿನಿಂದ ಪ್ರತಿದೂರು ಬರುತ್ತದೆ, ಕೂಲಿ ನಿಲ್ಲುತ್ತದೆ. ದೌರ್ಜನ್ಯ ತಡೆ ಕಾಯ್ದೆಯ ನಿಯಮದಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, ಉಪವಿಭಾಗ ಮಟ್ಟದಲ್ಲೂ ಇರಬೇಕು. ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇಡಂ ಉಪವಿಭಾಗದ ಸಭೆಯ ನಡಾವಳಿಯನ್ನು ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಧರ್ಮದ, ಭಾಷೆಯ ಹೆಸರಿನಲ್ಲಿ ಪೆಟ್ಟು ತಿಂದವರಿಗೂ, ಸಿಮೆಂಟ್ ಕಾರ್ಖಾನೆಗೆ ದುಡಿಯಲು ಬಂದ ಹೊರರಾಜ್ಯದ ಕೂಲಿಕಾರರಿಗೂ ಇಂಥದೇ ಲೆಕ್ಕ, ಇಂಥದೇ ಉಸ್ತುವಾರಿ ಬೇಕು.

ಓದುಗರಲ್ಲಿ ಒಂದು ಬಿನ್ನಹ. ನೊಂದವರ ಜೊತೆ ಠಾಣೆಗೆ ಹೋಗಿ. ಬಾಯಿಮಾತಿನ ದೂರನ್ನು ಬರೆದುಕೊಂಡು ಓದಿ ಹೇಳುವುದು, ಎಫ್‌ಐಆರ್ ದಾಖಲಿಸುವುದು, ಅದರ ಪ್ರತಿ ಕೊಡುವುದು ದೌರ್ಜನ್ಯ ತಡೆ ಕಾಯ್ದೆಯ 4ನೆಯ ಕಲಮಿನಡಿ ಅಧಿಕಾರಿಯ ಕರ್ತವ್ಯ; ಪರಿಶಿಷ್ಟರಲ್ಲದ ಅಧಿಕಾರಿ ಬೇಕೆಂದೇ ಅದನ್ನು ಕಡೆಗಣಿಸಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲಿದೆ. ಆ ಪ್ರತಿ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.